ದ್ರಾಸ್‌ನಲ್ಲಿ ತಮ್ಮನ ಅಡುಗೆ ಕೋಣೆಗೆ ಕಂದು ಕರಡಿ ನುಗ್ಗಿದೆ. ಗುಂಡು ಹೊಡೆಯೋದಾ, ತುಪ್ಪ ಮುಚ್ಚಿಡೋದಾ?

ಕಣದಮನೆ
ಎಲ್ಲರಿಗೂ ನಮಸ್ಕಾರ. ನಾವು ವಿರಾಜಪೇಟೆ ಕಡೆಯವರು. ನನ್ನ ತಮ್ಮ ಸೇನೆಯಲ್ಲಿದ್ದಾನೆ, ಈಗ ಲಡಾಖಿನ ದ್ರಾಸ್ ಕಡೆ ಇದ್ದಾನೆ. ಮೊನ್ನೆ ರಾತ್ರಿ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ. ಅಡುಗೆ ಸಾಮಾನು ಇಡುವ ತಗಡಿನ ಕೋಣೆ. ಬಾಗಿಲಿನ ಒಂದು ಹಲಗೆ ಕಿತ್ತು ಬಂದಿದೆ. ನೆಲದ ತುಂಬ ಗೋಧಿ ಹಿಟ್ಟು. ಹಿಟ್ಟಿನ ಮೇಲೆ ಹೆಜ್ಜೆ ಗುರುತು, ನೋಡಿದರೆ ಯಾರೋ ಬರಿಗಾಲಲ್ಲಿ ನಡೆದ ಹಾಗೇ ಇದೆ. ಬೆರಳುಗಳ ಮುಂದೆ ಐದು ಉದ್ದ ಗೀರು ಇಲ್ಲದಿದ್ದರೆ ಕಳ್ಳ ಅಂತಲೇ ಅಂದುಕೊಳ್ಳಬೇಕು. ತುಪ್ಪದ ಡಬ್ಬ ಚಪ್ಪಟೆಯಾಗಿದೆ. ಒಳಗೆ ಎಷ್ಟು ಚೆನ್ನಾಗಿ ನೆಕ್ಕಿದೆ ಅಂದರೆ, ಪಾತ್ರೆ ತೊಳೆಯುವವಳಿಗೆ ಕೊಟ್ಟರೂ ಅಷ್ಟು ಹೊಳಪು ಬರಲ್ಲ.

ಅವ್ವನಿಗೆ ತೋರಿಸಿ ತಪ್ಪು ಮಾಡಿದೆ. ಎರಡು ದಿನದಿಂದ ನಿದ್ದೆ ಇಲ್ಲ. "ಶತ್ರು ಬಂದರೆ ಗುಂಡು ಹೊಡೀತಾನೆ, ಕರಡಿ ಬಂದರೆ ಏನು ಮಾಡ್ತಾನೆ?" ಅಂತ ಕೇಳುತ್ತಾಳೆ. ತಮ್ಮನೋ, ಗುಂಡು ಹಾರಿಸುವ ಹಾಗಿಲ್ಲ ಅನ್ನುತ್ತಾನೆ.

ಇದು ನಮ್ಮ ನಾಗರಹೊಳೆಯಲ್ಲಿರುವ ಕರಡಿಯೇ ಅಥವಾ ಬೇರೆಯಾ? ಈ ಕಂದು ಕರಡಿ ಇರುವ ಬೇರೆ ದೇಶಗಳಲ್ಲಿ ಜನ ಹೇಗೆ ಬಾಳುತ್ತಾರೆ? ಇಲ್ಲಿ ಎಲ್ಲರೂ ಆನೆ, ಹುಲಿ ಜೊತೆ ಬದುಕಿದವರು, ಅದಕ್ಕೇ ಕೇಳುತ್ತಿದ್ದೇನೆ.

ಮಾಜಿ_ಹವಾಲ್ದಾರ್
ಮೊದಲು ಆ ಫೋಟೋ ತೆಗೆಯಪ್ಪ. ಹಿಂದೆ ಬೆಟ್ಟದ ಸಾಲು ಕಾಣುತ್ತಿದೆ. ಜಾಗ ಗೊತ್ತಾಗಬಾರದು.

ಕಣದಮನೆ
ತೆಗೆದೆ ಮಾವ. ಗೊತ್ತಾಗಲಿಲ್ಲ, ಕ್ಷಮಿಸಿ.

ತೋಟದ_ರೈಟರ್
ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಅಂತ ಕೇಳಿದ್ದೆ. ಅಡುಗೆಮನೆಯಲ್ಲಿ ಬಿಟ್ಟಿದ್ದು ಇದೇ ಮೊದಲು 😀

ಕಾಡುಪಾಪ
ಬೇರೆ ಕರಡಿ. ನಮ್ಮದು ಕಪ್ಪು, ಜಡೆ ಜಡೆ ಕೂದಲು, ಎದೆ ಮೇಲೆ ಬಿಳಿ ಗುರುತು. ಗೆದ್ದಲು, ಇರುವೆ, ಹಣ್ಣು, ಜೇನು ಅದರ ಊಟ. ಚಳಿಗಾಲದಲ್ಲಿ ಮಲಗುವುದಿಲ್ಲ. ಕಂದು ಕರಡಿಗೆ ಭುಜದ ಮೇಲೆ ಗೂನು ಇರುತ್ತದೆ. ಅದು ಕೊಬ್ಬಲ್ಲ, ನೆಲ ಅಗೆಯುವ ಸ್ನಾಯು. ಯುರೋಪ್, ರಷ್ಯಾ, ಜಪಾನಿನ ಹೊಕ್ಕೈಡೊ, ಅಮೆರಿಕದ ಗ್ರಿಜ್ಲಿ, ಎಲ್ಲ ಒಂದೇ ಜಾತಿ. ನಮ್ಮ ದೇಶದಲ್ಲಿ ಕಾಶ್ಮೀರ, ಲಡಾಖ್, ಹಿಮಾಚಲ, ಉತ್ತರಾಖಂಡದ ಎತ್ತರದಲ್ಲಿ ಮಾತ್ರ ಇದೆ, ಅದೂ ತುಂಬ ಕಡಿಮೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿ, ಆನೆ ಇರುವ ಮೊದಲ ಪಟ್ಟಿಯಲ್ಲೇ ಇದೂ ಇದೆ. ಅದಕ್ಕೇ ನಿಮ್ಮ ತಮ್ಮ ಹಾಗೆ ಹೇಳಿದ್ದು. ಆದರೆ ಮೈಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಹೊಡೆದರೆ ಅದು ಅಪರಾಧ ಅಲ್ಲ. ಅವ್ವನಿಗೆ ಇಷ್ಟು ಹೇಳಿ.

ಇನ್ನೊಂದು ವಿಷಯ. ಇದು ಅದು ಹೊಟ್ಟೆ ತುಂಬಿಸಿಕೊಳ್ಳುವ ಕಾಲ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಗುಹೆಯಲ್ಲಿ ಏನೂ ತಿನ್ನದೆ ಮಲಗಬೇಕು. ಹಾಗಾಗಿ ಈಗ ಹಗಲೂ ರಾತ್ರಿ ತಿನ್ನುತ್ತದೆ. ಒಂದು ಡಬ್ಬ ತುಪ್ಪ ಅಂದರೆ ಅದಕ್ಕೆ ಎಷ್ಟು ದಿನದ ಬೇರು ಅಗೆಯುವ ಕೆಲಸ ಉಳಿಯಿತು ನೋಡಿ!

ಮಾಜಿ_ಹವಾಲ್ದಾರ್
ಮೇಲಿನವರು ಹೇಳಿದ್ದು ಸರಿ. ನಾನೂ ಆ ಕಡೆ ಎರಡು ಚಳಿಗಾಲ ಕಳೆದವನು. ಊರಿನವರು ಡೆನ್ಮೊ ಅನ್ನುತ್ತಾರೆ. ಮೊದಲ ಸಲ ನೋಡಿದ್ದು ನಮ್ಮ ಕಸದ ಗುಂಡಿಯಲ್ಲಿ. ಟಾರ್ಚ್ ಹಾಕಿದೆ. ಕುಂಡೆ ಊರಿ ಕೂತು ಮಂದಗೊಳಿಸಿದ ಹಾಲಿನ ಡಬ್ಬವನ್ನು ಎರಡು ಕೈಯಲ್ಲಿ ಹಿಡಿದುಕೊಂಡಿತ್ತು. ನನ್ನ ಕಡೆ ಒಂದು ಸಲ ನೋಡಿತು. ಮತ್ತೆ ಡಬ್ಬ ನೆಕ್ಕಿತು. ನಮ್ಮ ಜೊತೆ ಒಬ್ಬ ಗಢವಾಲಿ ಇದ್ದ, "ಸರ್, ಇದು ನಮಗಿಂತ ಮೊದಲು ಪೋಸ್ಟಿಂಗ್ ಆಗಿ ಬಂದಿರೋದು" ಅಂದ.

ನಾವೇ ಕಲಿಸಿದ್ದು, ಅದರಲ್ಲಿ ಸುಳ್ಳಿಲ್ಲ. ಮೊದಲು ರೊಟ್ಟಿ ಎಸೆದರು, ಫೋಟೋ ತೆಗೆದರು, ಹೆಸರಿಟ್ಟರು. ಆಮೇಲೆ ಅದು ಬಾಗಿಲು ಮುರಿಯಿತು. ಆಗ ಎಲ್ಲರಿಗೂ ಕೋಪ. ಡಬ್ಬ ಬಡಿದೆವು, ಪಟಾಕಿ ಹೊಡೆದೆವು. ನಾಲ್ಕು ದಿನ ಹೋಯಿತು, ಐದನೇ ದಿನ ಬಂತು. ಕೊನೆಗೆ ಕೆಲಸ ಮಾಡಿದ್ದು ಎರಡೇ. ಆಹಾರವನ್ನೆಲ್ಲ ಕ್ಲಾಂಪ್ ಇರುವ ದಪ್ಪ ಕಬ್ಬಿಣದ ಡ್ರಮ್ಮಿಗೆ ಹಾಕಿದ್ದು. ಉಳಿದದ್ದನ್ನು ಅವತ್ತವತ್ತೇ ಸುಟ್ಟದ್ದು. ವಾಸನೆ ಇಲ್ಲ, ಕರಡಿ ಇಲ್ಲ.

ರೋಬಸ್ಟ_ರೈತ
ಡ್ರಮ್ಮಿಗೆ ತುಪ್ಪ ಹಾಕಬಹುದು. ನನ್ನ ಎಂಟು ಎಕರೆ ತೋಟ, ಎರಡು ಎಕರೆ ಗದ್ದೆ ಯಾವ ಡ್ರಮ್ಮಿಗೆ ಹಾಕಲಿ ಹವಾಲ್ದಾರರೇ? ಪುತ್ತರಿ ಹಬ್ಬ ಹತ್ತಿರ ಬಂತು. ಭತ್ತ ಹಾಲು ತುಂಬಿ ನಿಂತಿದೆ. ಮೂರು ಆನೆ ದಿನಾ ರಾತ್ರಿ ಹಾಜರಿ ಹಾಕುತ್ತಿವೆ. ರಾತ್ರಿ ಅಟ್ಟಣೆ, ಹಗಲು ತೋಟ. ಕಾಡುಪ್ರಾಣಿ ಜಾಸ್ತಿ ಆದರೆ ಕಡಿಮೆ ಮಾಡಬೇಕು, ಅಷ್ಟೇ. ಬೇರೆ ದೇಶದಲ್ಲಿ ಮಾಡುತ್ತಾರೆ. ನಮ್ಮಲ್ಲಿ ಮಾತ್ರ ಪೂಜೆ.

ಬೆಂಗಳೂರಲ್ಲಿ_ಕೊಡಗು
ಕಾಡು ಅವುಗಳದ್ದು. ನಾವು ಅವುಗಳ ಮನೆಗೆ ನುಗ್ಗಿದ್ದೇವೆ. ಅವು ನಮ್ಮ ಮನೆಗೆ ಬಂದರೆ ದೂರುವುದು ಯಾಕೆ?

ರೋಬಸ್ಟ_ರೈತ
ನೀವು ಕೂತಿರುವ ಅಪಾರ್ಟ್‌ಮೆಂಟ್ ಯಾರ ಕೆರೆ?

ತೋಟದ_ರೈಟರ್
ಶುರುವಾಯಿತು. ಕಾಫಿ ಇಟ್ಟು ಬರುತ್ತೇನೆ, ತಡೀರಿ.

ಆಲ್ಪ್ಸ್_ಮಡಿಕೇರಿ
ನಾನು ಮಡಿಕೇರಿಯವಳು, ಓದಲು ಬಂದು ಇಟಲಿಯ ಟ್ರೆಂಟೊದಲ್ಲಿದ್ದೇನೆ. ನಿಮ್ಮ ಪ್ರಶ್ನೆಗೆ ಇಡೀ ಊರೇ ಉತ್ತರ ಇಲ್ಲಿ, ಸ್ವಲ್ಪ ಉದ್ದ ಬರೆಯುತ್ತೇನೆ.

ಇಲ್ಲಿ ಕರಡಿ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. 1999ರಿಂದ 2002ರೊಳಗೆ ಸ್ಲೊವೇನಿಯಾದಿಂದ 10 ಕರಡಿ ತಂದು ಬಿಟ್ಟರು. ತರುವ ಮೊದಲು ಊರಿನವರನ್ನು ಕೇಳಿದ್ದರು. 70 ಶೇಕಡಕ್ಕಿಂತ ಜಾಸ್ತಿ ಜನ ಬರಲಿ ಅಂದಿದ್ದರು. ಈಗ ನೂರರ ಹತ್ತಿರ ಇವೆ. 2023ರ ಏಪ್ರಿಲ್‌ನಲ್ಲಿ ಕಾಡಿನ ದಾರಿಯಲ್ಲಿ ಓಡಲು ಹೋದ 26 ವರ್ಷದ ಹುಡುಗನನ್ನು ಮರಿಗಳ ಜೊತೆಗಿದ್ದ ತಾಯಿ ಕರಡಿ ಕೊಂದಿತು. ಜೆಜೆ4 ಅಂತ ಅದರ ಗುರುತು. 2020ರಲ್ಲೇ ಅದು ಅಪ್ಪ ಮಗ ಇಬ್ಬರ ಮೇಲೆ ಬಿದ್ದಿತ್ತು. ಆಗ ಕೊಲ್ಲಲು ಆದೇಶ ಬಂತು, ಕೋರ್ಟ್ ತಡೆಯಿತು. ಎರಡನೇ ಸಲವೂ ಆದೇಶ, ಮತ್ತೆ ತಡೆ. ಕೊನೆಗೆ ಹಿಡಿದು ಬೇಲಿಯೊಳಗಿಟ್ಟರು, ಆಮೇಲೆ ಜರ್ಮನಿಯ ಒಂದು ಪಾರ್ಕಿಗೆ ಕಳಿಸಿದರು. ಅದರ ಅಣ್ಣ ಜೆಜೆ1 ಇನ್ನೂ ಹಿಂದೆ ಗಡಿ ದಾಟಿ ಬವೇರಿಯಾಗೆ ಹೋಗಿ, ಕುರಿ, ಕೋಳಿ, ಜೇನುಪೆಟ್ಟಿಗೆ ಮುರಿದು, 2006ರಲ್ಲಿ ಗುಂಡು ತಿಂದಿತ್ತು.

ನನ್ನ ಮನೆ ಮಾಲಕಿ ಅಜ್ಜಿ ಆಗ ಹೌದು ಅಂದವರಲ್ಲಿ ಒಬ್ಬರಂತೆ. ಈಗ ಅಣಬೆ ಹೆಕ್ಕಲು ಕಾಡಿಗೆ ಹೋಗುವುದಿಲ್ಲ. "ಅವತ್ತು ಕರಡಿ ಬೇಕಾ ಅಂತ ಕೇಳಿದರು. ಅದು ನೂರು ಆದಾಗ ಏನು ಮಾಡೋದು ಅಂತ ಯಾರೂ ಕೇಳಲಿಲ್ಲ" ಅನ್ನುತ್ತಾರೆ. ಈ ಮಾತು ನನಗೆ ಮರೆಯುವುದೇ ಇಲ್ಲ.

ರೋಬಸ್ಟ_ರೈತ
ಆ ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ ಅಕ್ಕ.

ಬೆಂಗಳೂರಲ್ಲಿ_ಕೊಡಗು
ಒಂದು ಕರಡಿ ಮರಿ ಕಾಪಾಡಿಕೊಳ್ಳಲು ದಾಳಿ ಮಾಡಿದರೆ ಇಡೀ ಜಾತಿಗೆ ಶಿಕ್ಷೆನಾ?

ಕಾಡುಪಾಪ
ಇಬ್ಬರ ಮಾತಲ್ಲೂ ಅರ್ಧ ಇದೆ. 2000ದಿಂದ 2015ರವರೆಗೆ ಜಗತ್ತಿನಲ್ಲಿ ಕಂದು ಕರಡಿ ಮನುಷ್ಯರ ಮೇಲೆ ಮಾಡಿದ ದಾಳಿಗಳನ್ನು ಒಂದು ಅಧ್ಯಯನದಲ್ಲಿ ಲೆಕ್ಕ ಹಾಕಿದ್ದಾರೆ. 664 ದಾಳಿ, 95 ಸಾವು. ಹೆಚ್ಚುಕಡಿಮೆ ಅರ್ಧದಷ್ಟು ಮರಿ ಇರುವ ತಾಯಿ ಕರಡಿಯಿಂದ. ಅಂದರೆ ಬಹಳಷ್ಟು ಸಲ ಅದು ಬೇಟೆಗೆ ಬಂದಿಲ್ಲ. ತಿರುವಿನಲ್ಲಿ ಎದುರುಬದುರು ಆಗಿದ್ದು. ಅದಕ್ಕೇ ಅಲ್ಲಿ ಮಾತಾಡುತ್ತಾ, ಗಂಟೆ ಕಟ್ಟಿಕೊಂಡು ನಡೆಯಿರಿ ಅನ್ನುತ್ತಾರೆ. ನಮ್ಮ ಹಿರಿಯರು ಕಾಡಿನ ದಾರಿಯಲ್ಲಿ ಕೂಗು ಹಾಕುತ್ತಾ ಹೋಗುತ್ತಿದ್ದದ್ದು ಮತ್ತೆ ಏನಕ್ಕೆ?

ಆದರೆ ಜನರ ಭಯವನ್ನು ಸುಮ್ನೆ ತಳ್ಳಿಹಾಕಿದರೆ ಅದರ ಬೆಲೆ ಕರಡಿಯೇ ತೆರುತ್ತದೆ. ರೊಮೇನಿಯಾ ನೋಡಿ. ರಷ್ಯಾ ಬಿಟ್ಟರೆ ಯುರೋಪಿನಲ್ಲಿ ಅತಿ ಹೆಚ್ಚು ಕರಡಿ ಇರುವುದು ಅಲ್ಲೇ. 2016ರಲ್ಲಿ ಶೋಕಿ ಬೇಟೆ ನಿಲ್ಲಿಸಿದರು. 2024ರ ಜುಲೈನಲ್ಲಿ 19 ವರ್ಷದ ಚಾರಣದ ಹುಡುಗಿ ಸತ್ತಳು. ಒಂದೇ ವಾರದಲ್ಲಿ ಸಂಸತ್ತು ತುರ್ತಾಗಿ ಸೇರಿ 481 ಕರಡಿ ಕೊಲ್ಲಲು ಒಪ್ಪಿಗೆ ಕೊಟ್ಟಿತು. ಮರುವರ್ಷ ಸ್ಲೊವಾಕಿಯಾ 350ಕ್ಕೆ. ಕೋಪದಲ್ಲಿ ತೆಗೆದುಕೊಂಡ ತೀರ್ಮಾನ ಹೀಗೇ ಇರುವುದು. ತಪ್ಪು ಮಾಡಿದ ಕರಡಿ ಯಾವುದು ಅಂತ ಯಾರು ನೋಡುತ್ತಾರೆ?

ರೋಬಸ್ಟ_ರೈತ
481! ಕೇಳಿದಿರಾ? ನಮ್ಮಲ್ಲಿ ಒಂದು ಪುಂಡಾನೆ ಹಿಡಿಯಲು ಎಷ್ಟು ಕಾಗದ, ಎಷ್ಟು ಪ್ರತಿಭಟನೆ.

ಆಲ್ಪ್ಸ್_ಮಡಿಕೇರಿ
ರೈತ ಅಣ್ಣ, ರೊಮೇನಿಯಾಗೆ ನಾನು ಹೋಗಿ ಬಂದಿದ್ದೇನೆ. ಬೆಟ್ಟದ ಮೇಲೆ ಟ್ರಾನ್ಸ್‌ಫಗರಾಶನ್ ಅಂತ ಒಂದು ರಸ್ತೆ ಇದೆ. ನಮ್ಮ ಆಗುಂಬೆ ಘಾಟಿಯಲ್ಲಿ ಮಂಗಗಳು ಕೂರುವ ಹಾಗೆ ಅಲ್ಲಿ ರಸ್ತೆ ಬದಿಯ ತಡೆಗೋಡೆ ಮೇಲೆ ಕರಡಿ ಕೂರುತ್ತವೆ. ಕಾರು ನಿಲ್ಲಿಸಿ ಬಿಸ್ಕೆಟ್ ಕೊಡುತ್ತಾರೆ, ಕಿಟಕಿ ಇಳಿಸಿ ಸೆಲ್ಫಿ. ತಿನ್ನಿಸಬೇಡಿ ಅಂತ ಬೋರ್ಡ್ ಇದೆ, ಅದರ ಕೆಳಗೇ ತಿನ್ನಿಸುತ್ತಾರೆ. 2025ರಲ್ಲಿ ಅದೇ ರಸ್ತೆಯಲ್ಲಿ ಬೈಕಿನಲ್ಲಿ ಬಂದ ಪ್ರವಾಸಿಯೊಬ್ಬ ಸತ್ತ. 481 ಕೊಂದರೂ ಬಿಸ್ಕೆಟ್ ನಿಲ್ಲದಿದ್ದರೆ 482ನೆಯದು ಬಂದು ಅದೇ ಗೋಡೆ ಮೇಲೆ ಕೂರುತ್ತದೆ ಅಲ್ವಾ?

ಲೈನ್‌ಮನೆ_ಹುಡುಗ
ತೋಟದವರು, ಬೆಂಗಳೂರಿನವರು, ಇಟಲಿಯವರು ಎಲ್ಲ ಮಾತಾಡಿದಿರಿ. ನಾನೂ ಒಂದು ಹೇಳಲಾ?

ನಮ್ಮ ಚಿಕ್ಕಪ್ಪನನ್ನು ಆನೆ ತುಳಿದದ್ದು ಬೆಳಿಗ್ಗೆ ಆರೂವರೆಗೆ. ಕಾಫಿ ಕೊಯ್ಲಿನ ಸಮಯ. ಮಂಜು. ಕೈಯಲ್ಲಿ ಊಟದ ಡಬ್ಬಿ, ಹೆಗಲ ಮೇಲೆ ಚೀಲ. ಜೀಪಿನಲ್ಲಿ ಹೋಗುವವರಿಗೆ ಆನೆ ರಸ್ತೆಯಲ್ಲಿ ಸಿಗುತ್ತದೆ, ನಡೆದು ಹೋಗುವವರಿಗೆ ಗಿಡಗಳ ನಡುವೆ ಸಿಗುತ್ತದೆ. ಡಬ್ಬಿ ನಾವು ಆಮೇಲೆ ಹುಡುಕಿದೆವು, ಮುಚ್ಚಳ ಹಾಕಿದ್ದು ಹಾಗೇ ಇತ್ತು. ಪರಿಹಾರದ ಕಾಗದಕ್ಕೆ ಚಿಕ್ಕಮ್ಮ ಎಷ್ಟು ಸಲ ಬಸ್ಸು ಹತ್ತಿದಳು, ಎಷ್ಟು ದಿನದ ಕೂಲಿ ಹೋಯಿತು, ಅದನ್ನು ಯಾವ ಅಧ್ಯಯನದಲ್ಲೂ ಬರೆಯಲ್ಲ.

ದ್ರಾಸ್‌ನಲ್ಲೂ ಕುರಿ ಕಾಯುವವನ ಕೊಟ್ಟಿಗೆಗೆ ಕರಡಿ ನುಗ್ಗುತ್ತೆ ಅಲ್ವಾ? ಸೇನೆಯ ತುಪ್ಪ ಹೋದರೆ ಮತ್ತೆ ರೇಷನ್ ಬರುತ್ತದೆ. ಅವನ ಹತ್ತು ಕುರಿ ಹೋದರೆ?

ಮಾಜಿ_ಹವಾಲ್ದಾರ್
ಮಗಾ, ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಒಂದು ಹಳ್ಳಿಯಲ್ಲಿ ಮುದುಕನೊಬ್ಬ ಕೊಟ್ಟಿಗೆ ತೋರಿಸಿದ. ಕಲ್ಲಿನ ಗೋಡೆ, ಮೇಲೆ ಪೊದೆ ಕಡ್ಡಿ ಹೊದೆಸಿದ ಮಾಡು. ಕರಡಿ ಬಾಗಿಲು ಮುಟ್ಟಿರಲಿಲ್ಲ. ಮಾಡು ಕಿತ್ತು ಮೇಲಿಂದ ಇಳಿದಿತ್ತು. ಒಳಗೆ ಇಳಿದ ಮೇಲೆ ಹತ್ತಲು ಆಗದೆ ಸಿಕ್ಕಿದ್ದನ್ನೆಲ್ಲ ಸೀಳಿತ್ತು. ಅವನು ಅಳಲಿಲ್ಲ, ಬೈಯಲೂ ಇಲ್ಲ. ನಮಗೆ ಉಪ್ಪು ಚಹಾ ಕೊಟ್ಟ. ಆದರೆ ಅವನ ಮಗ ನಮ್ಮ ಹತ್ತಿರ ಬಂದು ಮೆಲ್ಲಗೆ, "ಒಂದು ಗುಂಡು ಕೊಡ್ತೀರಾ?" ಅಂದ. ಕೊಡಲಿಲ್ಲ. ಇವತ್ತಿಗೂ ಆ ಹುಡುಗನ ಮುಖ ನೆನಪಿದೆ.

ಕಾಡುಪಾಪ
ಲಡಾಖಿನಲ್ಲಿ ಈಗ ಆ ಮಾಡಿನ ಜಾಗಕ್ಕೇ ಕೈ ಹಾಕಿದ್ದಾರೆ. ಕೊಟ್ಟಿಗೆ ಮೇಲೆ ಮರದ ತೊಲೆ, ಅದರ ಮೇಲೆ ಕಬ್ಬಿಣದ ಜಾಲರಿ, ಗಟ್ಟಿ ಬಾಗಿಲು. ಹಿಮಚಿರತೆಗೆ ಅಂತ ಶುರುವಾದದ್ದು. ಕರಡಿಯ ತೂಕಕ್ಕೆ ಇನ್ನೂ ಗಟ್ಟಿ ಬೇಕು. ಜಾಲರಿ ಖರ್ಚು ಹೊರಗಿನವರು ಹಾಕುತ್ತಾರೆ, ಕಲ್ಲು ಕೆಲಸ ಊರಿನವರು ಮಾಡುತ್ತಾರೆ. ಕರಡಿ ಕೊಂದರೆ ಜೈಲು ಅಂತ ಹೇಳುವುದಕ್ಕಿಂತ ಈ ಜಾಲರಿ ಎಷ್ಟೋ ಮೇಲು. ಮೊದಲು ಮಾಡು ಗಟ್ಟಿ ಮಾಡಿಕೊಡಬೇಕು, ಆಮೇಲೆ ಉಪದೇಶ.

ಕಸದ ಬಗ್ಗೆ ಹವಾಲ್ದಾರ್ ಸರ್ ಹೇಳಿದ್ದಕ್ಕೆ ಸೇರಿಸುತ್ತೇನೆ. ಕಾಶ್ಮೀರದ ಸೋನಾಮಾರ್ಗ್ ಕಡೆ ಕಂದು ಕರಡಿಯ ಲದ್ದಿ ಪರೀಕ್ಷೆ ಮಾಡಿದಾಗ ಪ್ಲಾಸ್ಟಿಕ್ ಚೀಲ, ಚಾಕೊಲೇಟ್ ಕವರ್, ಗಾಜಿನ ಚೂರು ಸಿಕ್ಕಿವೆ.

ಸೂಜಿಮೆಣಸು
ಮಡಿಕೇರಿಯ ರಾಜಾಸೀಟ್ ಹತ್ತಿರ ಭಾನುವಾರ ಸಂಜೆ ಒಂದು ಸುತ್ತು ಹೋಗಿ ಬನ್ನಿ. ನಮ್ಮಲ್ಲಿ ಕಂದು ಕರಡಿ ಇಲ್ಲದಿರುವುದೇ ಪುಣ್ಯ.

ತೋಟದ_ರೈಟರ್
ಕಾಫಿ ಆಯಿತು. ಒಂದು ಅನುಮಾನ. ನಮ್ಮ ಹಿರಿಯರು ಹುಲಿ ಹೊಡೆದವನಿಗೆ ಹುಲಿ ಜೊತೆ ಮದುವೆ ಮಾಡಿ ಮೆರವಣಿಗೆ ಮಾಡುತ್ತಿದ್ದರು, ನರಿ ಮಂಗಲ ಅಂತ. ಕರಡಿ ಹೊಡೆದವನಿಗೆ ಏನಾದರೂ ಇತ್ತಾ?

ಬೆಂಗಳೂರಲ್ಲಿ_ಕೊಡಗು
ನರಿ ಹೊಡೆದದ್ದಕ್ಕೆ ಮೆರವಣಿಗೆಯಾ? 😂

ಕಣದಮನೆ
ಕೊಡವ ತಕ್ಕ್‌ನಲ್ಲಿ ನರಿ ಅಂದರೆ ಹುಲಿ! ಕೊಡಗು ಅಂತ ಹೆಸರಿಟ್ಟುಕೊಂಡು ಇದು ಗೊತ್ತಿಲ್ಲವಾ?

ಬೆಂಗಳೂರಲ್ಲಿ_ಕೊಡಗು
ನಾನು ಸೋಮವಾರಪೇಟೆ ಕಡೆ. ನಮ್ಮ ಮನೆಯಲ್ಲಿ ಕನ್ನಡ. ಬಿಡಿ, ಒಪ್ಪಿದೆ.

ಹಂಪಿ_ಸೀಮೆ
ನಾನು ದರೋಜಿ ಹತ್ತಿರದವನು, ಹೊರಗಿನವನು, ಕ್ಷಮಿಸಿ. ನಮ್ಮಲ್ಲಿ 1994ರಿಂದ ಕರಡಿಧಾಮ ಇದೆ. ಸಂಜೆ ಬಂಡೆ ಮೇಲೆ ಬೆಲ್ಲದ ಪಾಕ ಸವರಿ ಕರಡಿ ಕರೆಯುತ್ತಿದ್ದರು, ಪ್ರವಾಸಿಗರಿಗೆ ತೋರಿಸಲು. ನಮಗೆಲ್ಲ ಅದು ಹೆಮ್ಮೆ. ಈ ಚರ್ಚೆ ಓದಿದ ಮೇಲೆ ಆ ಬೆಲ್ಲಕ್ಕೂ ರೊಮೇನಿಯಾದ ಬಿಸ್ಕೆಟ್ಟಿಗೂ ಏನು ವ್ಯತ್ಯಾಸ ಅಂತ ಯೋಚಿಸುತ್ತಿದ್ದೇನೆ.

ಮತ್ತೆ ಆ ಗಾದೆ. ಶಿವಪೂಜೆಯ ಕರಡಿ ಪ್ರಾಣಿ ಅಲ್ಲ, ಕರಡಿ ವಾದ್ಯ ಅಂತ ನಮ್ಮ ಕಡೆ ಹೇಳುತ್ತಾರೆ. ಕರಡಿ ಮಜಲು ಕೇಳಿಲ್ಲವಾ? ಪೂಜೆ ಹೊತ್ತಲ್ಲಿ ಅದನ್ನು ಬಾರಿಸುವುದು.

ತೋಟದ_ರೈಟರ್
ಹಾಗಾದರೆ "ಬಿಟ್ಟ ಹಾಗೆ" ಯಾಕೆ? ವಾದ್ಯ ಯಾರಾದರೂ ಬಿಡುತ್ತಾರಾ?

ಹಂಪಿ_ಸೀಮೆ
ಅದಕ್ಕೆ ಬೇರೆ ಚರ್ಚೆ ತೆರೆಯಿರಿ ಸರ್, ಇನ್ನೂರು ಉತ್ತರ ಬರುತ್ತವೆ.

ರೋಬಸ್ಟ_ರೈತ
ಬೆಲ್ಲ, ಬಿಸ್ಕೆಟ್ ಎಲ್ಲ ಸರಿ. ಒಂದು ಕೇಳುತ್ತೇನೆ. ಕರಡಿಗೆ ಕಸ ನಿಲ್ಲಿಸಿದರೆ ಅದು ನಿಜವಾಗಿ ಕಾಡಿಗೆ ಹೋಗುತ್ತದಾ? ಅಥವಾ ಹಸಿದು ಇನ್ನೂ ಮನೆಗೆ ನುಗ್ಗುತ್ತದಾ? ನನ್ನ ಪಕ್ಕದ ತೋಟದವರು ಆನೆ ಬರುತ್ತದೆ ಅಂತ ಹಲಸಿನ ಮರದಿಂದ ಎಳೆ ಕಾಯಿ ಎಲ್ಲ ಇಳಿಸಿದರು. ಆನೆ ಅವರ ತೋಟ ಬಿಟ್ಟು ನೇರ ನನ್ನ ತೋಟಕ್ಕೆ ಬಂತು.

ಕಾಡುಪಾಪ
ಒಳ್ಳೆಯ ಪ್ರಶ್ನೆ, ಇದಕ್ಕೆ ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಕಥೆಯೇ ಉತ್ತರ. ಅಲ್ಲಿ ದಶಕಗಟ್ಟಲೆ ಗ್ರಿಜ್ಲಿಗಳು ಹೋಟೆಲ್ ಕಸದ ಗುಂಡಿಯಲ್ಲಿ ತಿನ್ನುತ್ತಿದ್ದವು. ಜನ ಬೆಂಚು ಹಾಕಿಕೊಂಡು ನೋಡುತ್ತಿದ್ದರು. 1970ರ ಆಸುಪಾಸಿನಲ್ಲಿ ಗುಂಡಿಗಳನ್ನು ಬೇಗ ಬೇಗ ಮುಚ್ಚಿಬಿಟ್ಟರು. ಹಸಿದ ಕರಡಿ ಡೇರೆಗಳಿಗೆ ನುಗ್ಗಿದವು, ತುಂಬ ಕರಡಿ ಸತ್ತವು. 1975ರಲ್ಲಿ ಅದನ್ನು ಅಳಿವಿನಂಚಿನ ಪ್ರಾಣಿಗಳ ಕಾಯ್ದೆಯಡಿ ಸೇರಿಸಬೇಕಾಯಿತು. ಅಂದರೆ ನಿಮ್ಮ ಭಯ ಸುಳ್ಳಲ್ಲ, ಮೊದಲ ಕೆಲವು ವರ್ಷ ಕಷ್ಟ. ಆದರೆ ಆಮೇಲೆ ಕರಡಿಗೆ ತೆರೆಯಲು ಆಗದ ಕಸದ ತೊಟ್ಟಿ, ಊಟ ಇಡಲು ಕಬ್ಬಿಣದ ಪೆಟ್ಟಿಗೆ, ನಿಯಮ ಮುರಿದವರಿಗೆ ದಂಡ, ಎಲ್ಲ ಬಂತು. ಕರಡಿ ಮತ್ತೆ ಬೇರು, ಹಣ್ಣು, ಜಿಂಕೆಗೆ ಮರಳಿತು. ಈಗ ಆ ಪ್ರದೇಶದಲ್ಲಿ ಸಾವಿರದ ಹತ್ತಿರ ಇವೆ.

ನಿಮ್ಮ ಹಲಸಿನ ವಿಷಯದಲ್ಲಿ ತಪ್ಪಿದ್ದು ಎಲ್ಲಿ ಅಂದರೆ ಒಬ್ಬರೇ ಮಾಡಿದ್ದು. ಊರಲ್ಲಿ ಒಬ್ಬ ತೊಟ್ಟಿ ಮುಚ್ಚಿ ಇನ್ನೊಬ್ಬ ತೆರೆದಿಟ್ಟರೆ ಕರಡಿಯೂ ಹಾಗೇ ಮಾಡುತ್ತದೆ.

ರೋಬಸ್ಟ_ರೈತ
ಹ್ಞೂಂ. ಒಪ್ಪಿದೆ ಅಂತ ಅಲ್ಲ. ಆದರೆ ಈ ಮಾತು ಮೀಟಿಂಗ್‌ನಲ್ಲಿ ಹೇಳುತ್ತೇನೆ.

ಲೈನ್‌ಮನೆ_ಹುಡುಗ
ಹೇಳುವಾಗ ಕೊಯ್ಲಿಗೆ ಹೋಗುವವರಿಗೆ ಬೆಳಿಗ್ಗೆ ಗಾಡಿ ಕಳಿಸುವ ಮಾತೂ ಹೇಳಿ ಅಣ್ಣ. ಮಂಜು ಇಳಿಯುವವರೆಗೆ ನಡೆಸಬೇಡಿ.

ರೋಬಸ್ಟ_ರೈತ
ಅದು ನ್ಯಾಯ. ಏಳೂವರೆಗೆ ಕೆಲಸ ಶುರು ಮಾಡಿದರೆ ಏನೂ ಮುಳುಗಿಹೋಗಲ್ಲ.

ಸೂಜಿಮೆಣಸು
ಅಮೆರಿಕದವರು ಕರಡಿಗೆ ಮೆಣಸಿನ ಸ್ಪ್ರೇ ಹೊಡೆಯುತ್ತಾರೆ, ಬಂದೂಕಿಗಿಂತ ಒಳ್ಳೆಯ ಕೆಲಸ ಮಾಡುತ್ತದೆ ಅಂತ ಓದಿದ್ದೆ. ನಮ್ಮ ಸೂಜಿಮೆಣಸು ಕಳಿಸೋಣವಾ ದ್ರಾಸ್‌ಗೆ?

ಮಾಜಿ_ಹವಾಲ್ದಾರ್
ಗಾಳಿ ಎದುರಿದ್ದರೆ ಕರಡಿ ನಗುತ್ತದೆ, ನೀನು ಅಳುತ್ತೀಯ. ಅನುಭವದ ಮಾತು. ಕರಡಿ ಮೇಲೆ ಅಲ್ಲ, ಅಡುಗೆಮನೆ ಒಗ್ಗರಣೆಯಲ್ಲಿ ಆದದ್ದು.

ಆಲ್ಪ್ಸ್_ಮಡಿಕೇರಿ
ಒಂದು ಒಳ್ಳೆಯ ಸುದ್ದಿಯನ್ನೂ ಹೇಳುತ್ತೇನೆ. ಇದೇ ಇಟಲಿಯ ಮಧ್ಯದಲ್ಲಿ ಅಬ್ರುಜ್ಜೊ ಅಂತ ಪ್ರಾಂತ್ಯ. ಅಲ್ಲಿಯ ಕಂದು ಕರಡಿ ಐವತ್ತು ಅರವತ್ತರಷ್ಟು ಮಾತ್ರ. ಅವು ಮನುಷ್ಯರನ್ನು ಕೊಂದ ದಾಖಲೆ ಇಲ್ಲ. ನೂರಾರು ವರ್ಷದಿಂದ ಕುರುಬರ ಜೊತೆ ಬದುಕಿವೆ. ದೊಡ್ಡ ಬಿಳಿ ನಾಯಿಗಳು ಕುರಿ ಕಾಯುತ್ತವೆ, ಜೇನು ಸಾಕುವವರಿಗೆ ಕರೆಂಟ್ ಬೇಲಿ ಕೊಡುತ್ತಾರೆ. ಹುವಾನ್ ಕರೀಟೊ ಅಂತ ಒಂದು ಮರಿ ಬೇಕರಿಗೆ ನುಗ್ಗಿ ಬಿಸ್ಕೆಟ್ ತಿಂದು ಹೆಸರು ಮಾಡಿತ್ತು. ಹಿಡಿದು ದೂರ ಬಿಟ್ಟರು, ವಾಪಸ್ ಬಂತು. 2023ರ ಜನವರಿಯಲ್ಲಿ ಕಾರಿಗೆ ಸಿಕ್ಕಿ ಸತ್ತಿತು. ಅದೇ ವರ್ಷ ಆಗಸ್ಟ್‌ನಲ್ಲಿ ಅದರ ತಾಯಿಯನ್ನು ಒಬ್ಬ ಗುಂಡಿಟ್ಟು ಕೊಂದ, ಎರಡು ಮರಿ ಅನಾಥ.

ಒಳ್ಳೆಯ ಸುದ್ದಿ ಅಂತ ಶುರು ಮಾಡಿದ್ದೆ. ಹೇಗೋ ಇಲ್ಲಿಗೆ ಬಂತು ನೋಡಿ.

ಕಣದಮನೆ
ಇವತ್ತು ತಮ್ಮನ ಸುದ್ದಿ ಬಂತು. ಹವಾಲ್ದಾರ್ ಮಾವ ಹೇಳಿದ್ದನ್ನೆಲ್ಲ ಓದಿ ಹೇಳಿದ್ದೆ. ಎರಡು ಕಬ್ಬಿಣದ ಡ್ರಮ್ ಸಿಕ್ಕಿವೆಯಂತೆ, ಮುಚ್ಚಳಕ್ಕೆ ಕ್ಲಾಂಪ್ ಹಾಕಿದ್ದಾರೆ. ನಿನ್ನೆ ರಾತ್ರಿ ಮತ್ತೆ ಬಂದಿತ್ತಂತೆ. ಡ್ರಮ್ ಉರುಳಿಸಿ ಉರುಳಿಸಿ ಇಳಿಜಾರಿಗೆ ತಳ್ಳಿದೆ. ಮುಚ್ಚಳ ತೆಗೆಯಲು ಆಗಿಲ್ಲ. ಬೆಳಿಗ್ಗೆ ಇವರೇ ನಾಲ್ಕು ಜನ ಸೇರಿ ಡ್ರಮ್ ಮೇಲೆ ಎಳೆದು ತಂದರಂತೆ, ಬೈದುಕೊಂಡು. ಅವ್ವ ಇದನ್ನು ಕೇಳಿ ಮೊದಲ ಸಲ ನಕ್ಕಳು. ಆಮೇಲೆ "ಆ ಕರಡಿ ಊಟಕ್ಕೆ ಏನು ಮಾಡ್ತದೆ ಪಾಪ?" ಅಂತ ಕೇಳಿದಳು.

ಮಾಜಿ_ಹವಾಲ್ದಾರ್
ಡ್ರಮ್ಮನ್ನು ಕಂಬಕ್ಕೆ ಸರಪಳಿ ಹಾಕಿ ಕಟ್ಟಲು ಹೇಳು. ಅದನ್ನು ಮೊದಲೇ ಹೇಳಬೇಕಿತ್ತು, ಮರೆತೆ.

ರೋಬಸ್ಟ_ರೈತ
ಸರಿ, ನಾನು ಅಟ್ಟಣೆಗೆ ಹೊರಟೆ. ಕೆಳಗಿನ ಗದ್ದೆ ಕಡೆ ನಾಯಿ ಬೊಗಳುತ್ತಿದೆ. ಪಟಾಕಿ ಮುಗಿದಿದೆ, ಯಾರ ಹತ್ತಿರವಾದರೂ ಇದ್ದರೆ ಇನ್‌ಬಾಕ್ಸ್ ಮಾಡಿ.